ಕೈ ಹಿಡಿದದ್ದಕ್ಕೂ ಸಾಕ್ಷಿ ಬೇಕೆ?

ಓದುಗರ ಪತ್ರ: ಸಂಪಾದಕರೇ, ನಾನು ಮತ್ತು ನನ್ನ ಹದಿನಾರು ವರ್ಷದ ಮಗಳು ಸೇರಿ ‘ದಿ ಲೆಜೆಂಡ್ ಆಫ್ ಕೊರ್ರಾ’ ಎಂಬ ಅಮೆರಿಕದ ಅನಿಮೇಷನ್ ಸರಣಿಯನ್ನು ಪೂರ್ತಿ ನೋಡಿದೆವು. ಕೊನೆಯಲ್ಲಿ ಕೊರ್ರಾ ಮತ್ತು ಅಸಾಮಿ ಎಂಬ ಇಬ್ಬರು ಹುಡುಗಿಯರು ಕೈ ಹಿಡಿದುಕೊಂಡು ಬೆಳಕಿನೊಳಗೆ ಹೋಗುತ್ತಾರೆ. ಅಷ್ಟೇ. ಮಗಳು ‘ಅಪ್ಪಾ, ಇವರಿಬ್ಬರದು ಪ್ರೀತಿ’ ಎಂದು ಕಣ್ಣೊರೆಸಿಕೊಂಡಳು. ನಾನು ‘ಸುಮ್ನಿರು, ಅದು ಸ್ನೇಹ’ ಎಂದೆ. ಮಾತಿಗೆ ಮಾತು ಬೆಳೆದು ಜಗಳವೇ ಆಯಿತು. ಆಮೇಲೆ ನೋಡಿದರೆ ಅಭಿಮಾನಿಗಳು ಆಗಲೇ ಈ ಜಗಳ ಆಡಿ ಮುಗಿಸಿದ್ದಾರೆ. ಕಥೆ ಕಟ್ಟಿದವರೇ ‘ಹೌದು, ಪ್ರೀತಿಯೇ’ ಎಂದು ಬರೆದು ತಿಳಿಸಬೇಕಾಯಿತಂತೆ. ವಿವರಣೆ ಬೇಕಾಯಿತು ಎಂದರೆ ಕಥೆ ಸೋತ ಹಾಗೆ ಅಲ್ಲವೇ? ಇಬ್ಬರು ಹೆಣ್ಣುಮಕ್ಕಳ ಸ್ನೇಹ ಸ್ನೇಹವಾಗಿಯೇ ಇರಬಾರದೇ?
— ಹೆಸರು ಹಾಕಬೇಡಿ ಎಂದಿರುವ ಓದುಗರು

ಸಂಪಾದಕರ ಉತ್ತರ:

ಸರ್, ನಿಮ್ಮ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ. 52 ಕಂತುಗಳನ್ನು ಮಗಳ ಪಕ್ಕ ಕೂತು ನೋಡಿದ ಅಪ್ಪ ನೀವು. ಮಕ್ಕಳು ಏನು ನೋಡುತ್ತಿದ್ದಾರೆ ಎಂದು ಬಾಗಿಲಲ್ಲಿ ಇಣುಕಿ ಹೋಗುವವರೇ ಜಾಸ್ತಿ. ಕೂತು ನೋಡಿ, ನೋಡಿದ್ದರ ಬಗ್ಗೆ ಜಗಳವಾಡಿ, ಆ ಜಗಳವನ್ನು ಪತ್ರಿಕೆಗೆ ಬರೆದಿದ್ದೀರಿ. ಅದಕ್ಕೆ ಮೊದಲು ನಮಸ್ಕಾರ.

ಇನ್ನು ನಿಮ್ಮ ಮಾತು. ಸ್ನೇಹ ಸ್ನೇಹವಾಗಿ ಇರಬಾರದೇ ಎಂದು ಕೇಳಿದ್ದೀರಿ. ಇರಬಹುದು, ಇರಬೇಕು. ಇಬ್ಬರು ಹೆಂಗಸರ ಗೆಳೆತನವನ್ನೇ ನಡುವೆ ಇಟ್ಟುಕೊಂಡ ಕಥೆಗಳು ಕಡಿಮೆ. ಕಂಡಕಂಡ ಜೋಡಿಗೆಲ್ಲ ಪ್ರೇಮ ಅಂಟಿಸುವ ಅಭಿಮಾನಿಗಳೂ ಇದ್ದಾರೆ, ನಿಜ. ಆದರೆ ಈ ಕಥೆಯಲ್ಲಿ ನಿಮ್ಮ ಮಗಳು ಏನನ್ನೂ ಅಂಟಿಸಿಲ್ಲ. ತೆರೆಯ ಮೇಲೆ ಇದ್ದದ್ದನ್ನು ನೋಡಿದ್ದಾಳೆ, ಅಷ್ಟೇ.

ಆ ಕೊನೆಯ ದೃಶ್ಯವನ್ನು ನಾನು ಮತ್ತೆ ಹಾಕಿಕೊಂಡು ನೋಡಿದೆ. ಒಂದು ಮದುವೆ ನಡೆಯುತ್ತಿದೆ. ವ್ಯಾರಿಕ್ ಮತ್ತು ಝೂ ಲಿ ಎದುರುಬದುರು ನಿಂತು ಎರಡೂ ಕೈ ಹಿಡಿದುಕೊಂಡು ಗಂಡ ಹೆಂಡತಿ ಆಗುತ್ತಾರೆ. ಸಂಭ್ರಮದಿಂದ ಸ್ವಲ್ಪ ದೂರ ಕೊರ್ರಾ ಮತ್ತು ಅಸಾಮಿ ಕೂತಿದ್ದಾರೆ. ಅಸಾಮಿಯ ತಂದೆ ಯುದ್ಧದಲ್ಲಿ ಆಗಷ್ಟೇ ತೀರಿಕೊಂಡಿದ್ದಾನೆ. ಇಷ್ಟು ದಿನ ದೂರ ಇದ್ದುಬಿಟ್ಟೆ ಎಂದು ಕೊರ್ರಾ ಕ್ಷಮೆ ಕೇಳುತ್ತಾಳೆ. ಅಪ್ಪನನ್ನೂ ನಿನ್ನನ್ನೂ ಒಂದೇ ದಿನ ಕಳೆದುಕೊಂಡಿದ್ದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ ಎನ್ನುತ್ತಾಳೆ ಅಸಾಮಿ. ಎಲ್ಲಾದರೂ ಹೋಗಿ ಬರಬೇಕು ಅನಿಸುತ್ತಿದೆ ಎಂದಾಗ, ನಾವಿಬ್ಬರೇ ಹೋಗೋಣ, ನೀನು ಹೇಳಿದ ಕಡೆ ಎನ್ನುತ್ತಾಳೆ ಕೊರ್ರಾ. ಬೆನ್ನಿಗೆ ಚೀಲ ಹಾಕಿಕೊಂಡು ಇಬ್ಬರೂ ಆತ್ಮಲೋಕದ ಬಾಗಿಲೊಳಗೆ ಕಾಲಿಡುತ್ತಾರೆ. ಒಳಗೆ ಹೋದ ಮೇಲೆ ತಿರುಗುತ್ತಾರೆ. ಎದುರುಬದುರು ನಿಲ್ಲುತ್ತಾರೆ. ಎರಡೂ ಕೈ ಹಿಡಿಯುತ್ತಾರೆ. ಕಣ್ಣಲ್ಲಿ ಕಣ್ಣಿಡುತ್ತಾರೆ. ಕೆಲವೇ ನಿಮಿಷದ ಹಿಂದೆ ಮದುಮಕ್ಕಳು ನಿಂತಿದ್ದ ಭಂಗಿ ಅದು.

ಅನಿಮೇಷನ್‌ನಲ್ಲಿ ಒಂದು ಬೆರಳೂ ತಾನಾಗಿ ಅಲುಗುವುದಿಲ್ಲ ಸರ್. ಪ್ರತಿ ಚೌಕಟ್ಟನ್ನೂ ಯಾರೋ ಬರೆದಿರುತ್ತಾರೆ. ನಟಿಯರು ಆ ಗಳಿಗೆಯಲ್ಲಿ ಹಾಗೆ ಕೈ ಹಿಡಿದುಬಿಟ್ಟರು ಎನ್ನುವ ಹಾಗಿಲ್ಲ. ಸಂಗೀತವೂ ಹಾಗೆಯೇ. ಆ ದೃಶ್ಯಕ್ಕೆ ಕೋಮಲವಾದ, ಪ್ರೇಮದ ಸಂಗೀತವೇ ಬೇಕು ಎಂದು ಸಂಗೀತ ಸಂಯೋಜಕ ಜೆರೆಮಿ ಝುಕರ್‌ಮನ್ ಅವರನ್ನು ಕೇಳಿ ಮಾಡಿಸಿಕೊಂಡದ್ದಾಗಿ, ಸರಣಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬ್ರಯಾನ್ ಕೊನೀಟ್ಸ್ಕೊ ಹೇಳಿದ್ದಾರೆ.

ಈಗ ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಭಾಗದಲ್ಲಿ ಕೊರ್ರಾ ಮಾಕೋ ಎಂಬ ಹುಡುಗನನ್ನು ಇಷ್ಟಪಡುತ್ತಾಳೆ. ಪರಿಚಯವಾಗಿ ಸ್ವಲ್ಪವೇ ಕಾಲ. ಜಗಳದ ನಡುವೆ ಒಂದು ಮುತ್ತು, ಆ ಭಾಗ ಮುಗಿಯುವಷ್ಟರಲ್ಲಿ ಪ್ರೀತಿಯ ಮಾತು. ಆಗ ‘ಇದು ಸ್ನೇಹ ಇರಬಹುದಲ್ಲ’ ಎಂದು ನಿಮಗೆ ಒಮ್ಮೆಯಾದರೂ ಅನಿಸಿತೇ? ಮುತ್ತು ಕೊಟ್ಟರಲ್ಲ ಎನ್ನುತ್ತೀರಿ. ಸರಿ, ಮುತ್ತು ಬಿಡಿ. ಕೊನೆಯ ದೃಶ್ಯದಲ್ಲಿ ಅಸಾಮಿಯ ಜಾಗದಲ್ಲಿ ಮಾಕೋನನ್ನು ನಿಲ್ಲಿಸಿ. ಅದೇ ಮಾತು, ಅದೇ ‘ನಾವಿಬ್ಬರೇ ಹೋಗೋಣ’, ಅದೇ ಕೈ, ಅದೇ ನೋಟ, ಅದೇ ಸಂಗೀತ. ನಿಮ್ಮ ಮನೆಯಲ್ಲಿ ಜಗಳ ಆಗುತ್ತಿತ್ತೇ? ಆಗುತ್ತಿರಲಿಲ್ಲ, ಅಲ್ವಾ?

ನಮ್ಮ ಅಲಂಕಾರಶಾಸ್ತ್ರದಲ್ಲಿ ಧ್ವನಿಗೆ, ಅಂದರೆ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥಕ್ಕೆ, ಕೊಡುವ ಒಂದು ಹಳೆಯ ಉದಾಹರಣೆ ಇದೆ. ಕಾವ್ಯಮೀಮಾಂಸೆ ಓದಿದವರಿಗೆಲ್ಲ ಗೊತ್ತು. ಮನೆಗೆ ಬಂದ ದಾರಿಹೋಕನಿಗೆ ಒಬ್ಬ ಹೆಂಗಸು ಹೇಳುತ್ತಾಳೆ: ಅತ್ತೆ ಇಲ್ಲಿ ಮಲಗುತ್ತಾಳೆ, ನಾನು ಇಲ್ಲಿ. ಹಗಲಿನಲ್ಲೇ ನೋಡಿಟ್ಟುಕೋ, ರಾತ್ರಿ ಕಣ್ಣು ಕಾಣದೆ ನನ್ನ ಹಾಸಿಗೆಗೆ ಬಂದು ಬಿದ್ದೀಯೆ, ಜೋಕೆ. ಮಾತಿನಲ್ಲಿ ಇರುವುದು ಬೇಡ. ಅರ್ಥ ಬಾ ಎಂದು. ಸಾವಿರ ವರ್ಷದಿಂದ ಪಂಡಿತರು ಇದನ್ನು ಪಾಠ ಹೇಳುತ್ತಾ ಬಂದಿದ್ದಾರೆ. ಆಕೆ ಪಾಪ, ಅತಿಥಿ ಎಡವದಿರಲಿ ಎಂದಷ್ಟೇ ಹೇಳಿದಳು ಎಂದು ಪಾಠ ಹೇಳುವುದಿಲ್ಲ. ಕವಿ ಬಂದು ವಿವರಿಸಲಿ ಎಂದು ಯಾರೂ ಕಾಯಲಿಲ್ಲ. ವಿವರಣೆ ಬೇಕಾಗದ ಕಾವ್ಯವೇ ದೊಡ್ಡದು ಎಂದು ನೀವು ನಂಬಿದ್ದೀರಿ. ನಾನೂ ನಂಬಿದ್ದೇನೆ. ಆದರೆ ಧ್ವನಿ ಹಿಡಿಯಲು ಮನಸ್ಸಿಟ್ಟು ಓದುವ ಸಹೃದಯ ಬೇಕು ಎಂದೂ ಅದೇ ಪಂಡಿತರು ಹೇಳಿದ್ದಾರೆ. ಆ ದಿನ ನಿಮ್ಮ ಮನೆಯಲ್ಲಿ ಸಹೃದಯಳಾಗಿ ಕೂತಿದ್ದವಳು ನಿಮ್ಮ ಮಗಳು.

ಅವಳು ಕೊನೆಯ ಎರಡು ನಿಮಿಷ ನೋಡಿ ತೀರ್ಮಾನಕ್ಕೆ ಬಂದವಳಲ್ಲ. ಮೂರನೇ ಭಾಗದ ಕೊನೆ ನೆನಪಿದೆಯೇ? ವಿಷದಿಂದ ಬದುಕಿ ಉಳಿದ ಕೊರ್ರಾ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಜಗತ್ತನ್ನು ಕಾಯಬೇಕಾದವಳಿಗೆ ತಲೆ ಎತ್ತುವ ಮನಸ್ಸಿಲ್ಲ. ಅವಳ ಕೈ ಹಿಡಿದು, ನಾನಿದ್ದೇನೆ, ಮಾತಾಡಬೇಕು ಅನಿಸಿದರೆ ಹೇಳು ಎನ್ನುವವಳು ಅಸಾಮಿ. ಮುಂದೆ ಕೊರ್ರಾ ಮೂರು ವರ್ಷ ಎಲ್ಲರಿಂದ ದೂರವಾಗುತ್ತಾಳೆ. ಗೆಳೆಯರೆಲ್ಲ ಪತ್ರ ಬರೆಯುತ್ತಾರೆ. ಅವಳು ಉತ್ತರ ಬರೆಯುವುದು ಒಬ್ಬಳಿಗೆ ಮಾತ್ರ. ಮಾಕೋಗೂ ಅವನ ತಮ್ಮ ಬೋಲಿನ್‌ಗೂ ಹೇಳಬೇಡ, ಅವರಿಗೆ ನೋವಾಗುತ್ತದೆ, ಇದನ್ನೆಲ್ಲ ನಿನಗೆ ಹೇಳುವುದು ಸುಲಭ ಎಂದು ಆ ಪತ್ರದಲ್ಲೇ ಇದೆ. ವಾಪಸ್ ಬಂದಾಗ ಅವಳ ಕೂದಲು ಗಿಡ್ಡವಾಗಿದೆ. ಚೆನ್ನಾಗಿದೆ ಎನ್ನುತ್ತಾಳೆ ಅಸಾಮಿ. ಕೊರ್ರಾಳ ಕೆನ್ನೆ ಕೆಂಪಾಗುತ್ತದೆ. ಆ ಕೆಂಪು ಬಣ್ಣವನ್ನೂ ಒಬ್ಬರು ಕೂತು ಬಳಿದಿದ್ದಾರೆ ಸರ್.

2014ರ ಡಿಸೆಂಬರ್ 19ರಂದು ಕೊನೆಯ ಕಂತು ಬಂತು. ಒಂದಷ್ಟು ಅಭಿಮಾನಿಗಳು ಕುಣಿದರು. ಒಂದಷ್ಟು ಜನ ಇದೆಲ್ಲಿಂದ ಬಂತು ಎಂದು ಸಿಟ್ಟಾದರು. ಇನ್ನೊಂದು ಗುಂಪು ಇತ್ತು. ಅವರ ದೂರು, ಇಷ್ಟೇ ಸಾಲದು ಎಂದು. 2008ರಲ್ಲಿ ಇದರ ಹಿಂದಿನ ಸರಣಿ ಮುಗಿದಾಗ ಆಂಗ್ ಮತ್ತು ಕಟಾರಾ ಎಂಬ ಹುಡುಗ ಹುಡುಗಿಗೆ ಮುತ್ತು ಸಿಕ್ಕಿತ್ತು, ಇವರಿಗೆ ಯಾಕಿಲ್ಲ ಎಂದು ಕೇಳಿದರು. ಆಸೆ ತೋರಿಸಿ ಕೈಕೊಡುವ ಕಥೆಗಳನ್ನು ನೋಡಿ ನೋಡಿ ಬೇಸತ್ತವರು ಅವರು. ಮೂರು ದಿನದ ಮೇಲೆ, ಡಿಸೆಂಬರ್ 22ರಂದು, ಸರಣಿ ಕಟ್ಟಿದ ಕೊನೀಟ್ಸ್ಕೊ ಮತ್ತು ಮೈಕಲ್ ಡಾಂಟೆ ಡಿಮಾರ್ಟಿನೊ ಇಬ್ಬರೂ ಬರೆದರು. ಸ್ನೇಹಿತೆಯರು ಜೋಡಿಯಾದರು ಎಂಬುದನ್ನೇ ಆ ದೃಶ್ಯ ಹೇಳುತ್ತದೆ ಎಂದರು ಡಿಮಾರ್ಟಿನೊ. ಇದು ಇದ್ದಕ್ಕಿದ್ದಂತೆ ಬಂತು ಎನ್ನುವವರು ಕೊನೆಯ ಎರಡು ಭಾಗಗಳನ್ನು ಮತ್ತೆ ನೋಡಿ, ಗಂಡು ಹೆಣ್ಣಿನ ಜೋಡಿಯನ್ನಷ್ಟೇ ಹುಡುಕುವ ಕಣ್ಣಿನಿಂದ ನೋಡಿದ್ದಿರೇನೋ ಎಂದರು ಕೊನೀಟ್ಸ್ಕೊ.

ಕಥೆ ಸೋತಿದ್ದಕ್ಕೆ ಅವರು ವಿವರಿಸಲಿಲ್ಲ. ಅವರಿಗೆ ಪೂರ್ತಿ ಹೇಳಲು ಜಾಗ ಇರಲಿಲ್ಲ. ನಿಕಲೋಡಿಯನ್ ವಾಹಿನಿಯವರು ಬೆಂಬಲಿಸಿದರು, ಆದರೆ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಒಂದು ಮಿತಿ ಇತ್ತು ಎಂದು ಕೊನೀಟ್ಸ್ಕೊ ಬರೆದಿದ್ದಾರೆ. ಧ್ವನಿ ಎಂದರೆ ಹೇಳಬಹುದಾಗಿದ್ದೂ ಹೇಳದೆ ಉಳಿಸುವುದು. ಹೇಳಬಾರದು ಎಂದು ಬಾಯಿಗೆ ಕೈ ಅಡ್ಡ ಇಟ್ಟಾಗ ಉಳಿಯುವ ಮೌನ ಬೇರೆ. ಈ ವ್ಯತ್ಯಾಸವನ್ನು ನಾನು ಎಷ್ಟು ವರ್ಷದಿಂದ ಬರೆಯುತ್ತಿದ್ದೇನೋ! ಕೈ ಅಡ್ಡ ಇಟ್ಟಿದ್ದರೂ ಈ ಜನ ಬೆರಳ ಸಂದಿಯಲ್ಲೇ ಇಷ್ಟು ಚೆನ್ನಾಗಿ ಹಾಡಿದರಲ್ಲ ಎಂದು ನನಗೆ ಅವರ ಮೇಲೆ ಗೌರವ.

ಮಿತಿ ಎಂದೆ. ಯಾವುದಕ್ಕೆ ಮಿತಿ ನೋಡಿ. ಮೊದಲ ಭಾಗದ ಕೊನೆಯಲ್ಲಿ ಅಣ್ಣ ತಮ್ಮ ಇಬ್ಬರು ದೋಣಿಯಲ್ಲಿ ಹೋಗುತ್ತಿದ್ದಾರೆ. ಅಣ್ಣನಿಗೆ ಗೊತ್ತಾಗದ ಹಾಗೆ ತಮ್ಮ ದೋಣಿಯನ್ನೇ ಸಿಡಿಸುತ್ತಾನೆ. ಇಬ್ಬರೂ ಸಾಯುತ್ತಾರೆ. ಮೂರನೇ ಭಾಗದಲ್ಲಿ ಒಬ್ಬ ರಾಣಿಯ ಉಸಿರನ್ನು ಎಳೆದು ಎಳೆದು ಕೊಲ್ಲುವುದನ್ನು ತೋರಿಸಿದ್ದಾರೆ. ಇವು ಮಕ್ಕಳ ಕಾರ್ಯಕ್ರಮದಲ್ಲಿ ದಾಟಿಕೊಂಡು ಬಂದವು. ಇಬ್ಬರು ಹುಡುಗಿಯರ ಒಂದು ಮುತ್ತಿಗೆ ದಾಟಲು ಆಗಲಿಲ್ಲ. ಮಕ್ಕಳನ್ನು ಯಾವುದರಿಂದ ಕಾಪಾಡುತ್ತಿದ್ದಾರೆ ಸರ್? ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

ಹಳೆಯ ರೋಗ ಇದು. ಹಾಲಿವುಡ್ಡಿನಲ್ಲಿ 1934ರಿಂದ 1968ರವರೆಗೆ ಹೇಸ್ ಕೋಡ್ ಎಂಬ ನಿಯಮಾವಳಿ ನಡೆಯಿತು. ಇಂಥ ಪ್ರೀತಿಯ ಹೆಸರೆತ್ತುವ ಹಾಗಿರಲಿಲ್ಲ. ಬರೆಯುವವರು ಬಚ್ಚಿಡುವುದನ್ನು ಕಲಿತರು, ನೋಡುವವರು ಹುಡುಕುವುದನ್ನು ಕಲಿತರು. ಜಪಾನಿನ ‘ಸೈಲರ್ ಮೂನ್’ ಎಂಬ ಅನಿಮೇಷನ್ ಸರಣಿಯಲ್ಲಿ ಹರುಕಾ ಮತ್ತು ಮಿಚಿರು ಎಂಬ ಪ್ರೇಮಿಗಳಿದ್ದಾರೆ, ಇಬ್ಬರೂ ಹುಡುಗಿಯರು. ಆ ಭಾಗ 2000ದಲ್ಲಿ ಅಮೆರಿಕಕ್ಕೆ ಇಂಗ್ಲಿಷ್ ಡಬ್ಬಿಂಗ್ ಆಗಿ ಬಂದಾಗ ಇಬ್ಬರನ್ನೂ ಸೋದರ ಸಂಬಂಧಿಗಳು ಎಂದು ಮಾಡಿಬಿಟ್ಟರು. ಮಾತು ಬದಲಾಯಿತು. ನೋಟ ಬದಲಾಗಲಿಲ್ಲ. ನೋಡುತ್ತಿದ್ದ ಹುಡುಗಿಯರಿಗೆ ಏನೋ ಮುಚ್ಚಿಟ್ಟಿದ್ದಾರೆ ಎಂದು ಗೊತ್ತಾಗದೆ ಇರುತ್ತದೆಯೇ?

ಕೊನೀಟ್ಸ್ಕೊ ಬರೆದದ್ದರಲ್ಲಿ ನನ್ನನ್ನು ಕಾಡಿದ ಮಾತು ಇನ್ನೊಂದಿದೆ. ಇದನ್ನು ತೋರಿಸಲು ಬಿಡುವುದಿಲ್ಲ ಎಂದು ತಾವೇ ಅಂದುಕೊಂಡಿದ್ದರಂತೆ. ಆಮೇಲೆ ಯೋಚಿಸಿದರೆ, ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಯಾಕೆಂದರೆ ನಾನೂ ಅದನ್ನೇ ಮಾಡಿದವನು. ಬಹಳ ವರ್ಷದ ಹಿಂದೆ ಬೇರೊಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಹೊಸ ಕಥೆಗಾರ್ತಿಯೊಬ್ಬರ ಕಥೆ ಬಂತು. ಇಬ್ಬರು ನರ್ಸುಗಳು, ಇಪ್ಪತ್ತು ವರ್ಷ ಒಂದೇ ಮನೆ. ಒಬ್ಬಳಿಗೆ ದೂರದ ಊರಿಗೆ ವರ್ಗ. ರಾತ್ರಿಪಾಳಿ ಮುಗಿಸಿ ಬಂದ ಇನ್ನೊಬ್ಬಳು, ಕಟ್ಟಿಟ್ಟ ಪೆಟ್ಟಿಗೆಯಿಂದ ಅವಳದೊಂದು ಸೀರೆ ಹೊರಗೆ ತೆಗೆದು ತನ್ನ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. ಅದು ಕೊನೆಯ ಸಾಲು. ಚೆಂದದ ಸಾಲು. ನಾನು ಅದನ್ನು ಹೊಡೆದುಹಾಕಿದೆ. ‘ಗೆಳತಿಯನ್ನು ಬೀಳ್ಕೊಟ್ಟಳು’ ಎಂದು ತಿದ್ದಿದೆ. ನನ್ನ ಮೇಲಿನವರು ಒಂದು ಮಾತೂ ಹೇಳಿರಲಿಲ್ಲ. ಅವರು ಆ ಕಥೆ ಓದಿಯೂ ಇರಲಿಲ್ಲ. ಅಚ್ಚಾದ ಮೇಲೆ ಕಥೆಗಾರ್ತಿ ಫೋನ್ ಮಾಡಿದರು. ‘ಗಂಡ ಹೆಂಡತಿ ಆಗಿದ್ದಿದ್ದರೆ ಆ ಸಾಲು ತೆಗೀತಿದ್ರಾ ಸರ್?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಮತ್ತೆ ಕಥೆ ಕಳಿಸಲಿಲ್ಲ.

ಹಾಗಾಗಿ ಅಭಿಮಾನಿಗಳು ಜಾಸ್ತಿ ಆಡಿದರು, ಅತಿ ಮಾಡಿದರು ಎನ್ನುವ ಮಾತು ಬಂದಾಗ ನಾನು ಅವರ ಪಕ್ಕ ಹೋಗಿ ನಿಲ್ಲುತ್ತೇನೆ. ನನ್ನಂಥವರು ತೆಗೆದುಹಾಕಿದ ಸಾಲುಗಳನ್ನು ಹುಡುಕಿ ಓದುವವರು ಅವರು. ದೃಶ್ಯ ನಿಲ್ಲಿಸಿ, ಹಿಂದಕ್ಕೆ ಹೋಗಿ, ಯಾರು ಯಾರ ಕಡೆ ಯಾವಾಗ ನೋಡಿದರು ಎಂದು ಟಿಪ್ಪಣಿ ಮಾಡಿಕೊಳ್ಳುವ ಹದಿನಾರರ ಹುಡುಗಿಯಷ್ಟು ಗಮನ ಕೊಟ್ಟು ಇವತ್ತು ಎಷ್ಟು ವಿಮರ್ಶಕರು ಓದುತ್ತಾರೆ? ಮುನ್ನುಡಿ ಓದಿ ವಿಮರ್ಶೆ ಬರೆಯುವವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಕೊನೆಯ ಪುಟ ಮೊದಲು ತಿರುವಿ, ಏನಾಯಿತು ಎಂದು ತಿಳಿದುಕೊಂಡು ಪುಸ್ತಕ ಮುಚ್ಚುವವರನ್ನೂ ನೋಡುತ್ತೇನೆ. ಹೇಗಾಯಿತು ಎಂದು ಕೇಳುವ ತಾಳ್ಮೆ ಈ ಹುಡುಗ ಹುಡುಗಿಯರಲ್ಲಿ ಇದೆ. ಅದನ್ನು ಹುಚ್ಚು ಎಂದು ತಳ್ಳಿಹಾಕಿದರೆ ನನಗೆ ಸಂಕಟವಾಗುತ್ತದೆ.

ಆಮೇಲಿನ ಕಥೆ ನಿಮಗೆ ಗೊತ್ತಿರಲಿ. 2017ರಲ್ಲಿ ಬಂದ ಕಾಮಿಕ್ಸ್ ಪುಸ್ತಕದಲ್ಲಿ, ಆತ್ಮಲೋಕಕ್ಕೆ ಹೋದ ಕೊರ್ರಾ ಮತ್ತು ಅಸಾಮಿ ಮುತ್ತು ಕೊಟ್ಟುಕೊಳ್ಳುತ್ತಾರೆ. ಬರೆದವರು ಡಿಮಾರ್ಟಿನೊ ಅವರೇ. 2018ರಲ್ಲಿ ‘ಸ್ಟೀವನ್ ಯೂನಿವರ್ಸ್’ ಎಂಬ ಇನ್ನೊಂದು ಅನಿಮೇಷನ್ ಸರಣಿಯಲ್ಲಿ ರೂಬಿ ಮತ್ತು ಸಫೈರ್ ಎಂಬ ಎರಡು ಹೆಣ್ಣು ಪಾತ್ರಗಳಿಗೆ ಮದುವೆಯೇ ಆಯಿತು, ಅದೂ ಮಕ್ಕಳ ವಾಹಿನಿಯಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಮಕ್ಕಳ ಕಾರ್ಯಕ್ರಮದಲ್ಲಿ ಕೈ ಹಿಡಿಯಲೂ ಅಷ್ಟು ಕಷ್ಟಪಡಬೇಕಾಗಿತ್ತು.

ನಿಮ್ಮ ಮಗಳಿಗೆ ನೀವು ‘ಸುಮ್ನಿರು’ ಎಂದಿರಲ್ಲ, ಅದೊಂದು ಪದ ನನಗೆ ಚುಚ್ಚಿತು ಸರ್. ಬೈಯುತ್ತಿಲ್ಲ. ನೀವು ಪ್ರೀತಿಯಿಂದಲೇ ಅಂದಿರುತ್ತೀರಿ. ಆದರೆ ಅವಳು ಕಣ್ಣೊರೆಸಿಕೊಂಡು ಹೇಳಿದ್ದು ಕೊರ್ರಾಳ ಬಗ್ಗೆ ಮಾತ್ರವೋ, ಇನ್ನೇನಾದರೂ ಇತ್ತೋ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೇಳಲು ಹೋಗಬೇಡಿ. ಈ ಭಾನುವಾರ ನಾಲ್ಕನೇ ಭಾಗದ ಎರಡನೇ ಕಂತು ಹಾಕಿ. ಕೊರ್ರಾ ಪತ್ರ ಬರೆಯುವ ಕಂತು. ಪತ್ರದ ದೃಶ್ಯ ಬಂದಾಗ ರಿಮೋಟ್ ಅವಳ ಕೈಗೆ ಕೊಡಿ. ಎಲ್ಲಿ ನಿಲ್ಲಿಸಬೇಕು ಎಂದು ಅವಳಿಗೆ ಗೊತ್ತಿರುತ್ತದೆ.