ಫೀಸು ಕಟ್ಟಿಕೊಟ್ಟವನು ನಾನೇ, ಈಗ ಗೆಳೆಯ ಪಾಸಾದರೆ ಹೊಟ್ಟೆ ಉರಿಯುವುದೂ ನನಗೇ. ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವೂ ನಿಮ್ಮ ಗೆಳೆಯನೂ ಮಂಗಳೂರಿನಲ್ಲಿ ಒಟ್ಟಿಗೆ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಫೈನಲ್‌ಗೆ ಓದುತ್ತಿದ್ದಿರಿ. ಅವನ ತಂದೆ ಆಸ್ಪತ್ರೆ ಸೇರಿದಾಗ ಕೋಚಿಂಗ್ ಫೀಸು ನೀವೇ ಕಟ್ಟಿದಿರಿ, ನಿಮ್ಮ ನೋಟ್ಸನ್ನೂ ಕೊಟ್ಟಿರಿ. ಈಗ ಅವನಿಗೆ ಪರೀಕ್ಷೆಯ ಎರಡೂ ಗ್ರೂಪ್ ಪಾಸಾಗಿದೆ, ನಿಮಗೆ ಒಂದು ಬಾಕಿ. ಅವನು ಸ್ವೀಟ್ ಹಿಡಿದುಕೊಂಡು ಮನೆಗೆ ಬಂದಾಗ ನಿಮಗೆ ಸಂತೋಷ ಪಡಲಿಕ್ಕೆ ಆಗಲಿಲ್ಲ. ಹಾಗಾದರೆ ಅಂದು ಕೊಟ್ಟದ್ದೆಲ್ಲ ನಾಟಕವೇ ಎಂದು ಕೇಳಿದ್ದೀರಿ.

ಅಲ್ಲ. ಒಬ್ಬ ಮನುಷ್ಯ ನಿಜವಾಗಿಯೂ ಉದಾರಿಯಾಗಿದ್ದು, ನಿಜವಾಗಿಯೂ ಹೊಟ್ಟೆಕಿಚ್ಚಿನವನಾಗಿರಲು ಸಾಧ್ಯ. ಬೇರೆ ಬೇರೆ ದಿನ ಅಲ್ಲ, ಒಂದೇ ದಿನ.

ನಾನು ಉಡುಪಿಯವನು, ಬ್ಯಾಂಕಿನಿಂದ ನಿವೃತ್ತ. ಹವ್ಯಾಸಕ್ಕೆ ತಾಳಮದ್ದಳೆಯಲ್ಲಿ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತೇನೆ. ನನ್ನ ಪಾಲಿಗೆ ಹೆಚ್ಚಾಗಿ ಬರುವುದು ಕೌರವ. ಆದ್ದರಿಂದ ಅವನ ಕಡೆಗೆ ನನಗೆ ಸ್ವಲ್ಪ ಪಕ್ಷಪಾತ ಇದೆ ಎಂದೇ ಇಟ್ಟುಕೊಂಡು ಮುಂದೆ ಓದಿ. ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನದಲ್ಲಿ ಕೃಪಾಚಾರ್ಯರು ಕರ್ಣನನ್ನು ಕುಲ ಕೇಳಿ ತಲೆ ತಗ್ಗಿಸುವಂತೆ ಮಾಡಿದಾಗ, ಗುರುತು ಪರಿಚಯ ಇಲ್ಲದ ಆ ಹುಡುಗನಿಗೆ ನಿಂತ ನಿಲುವಿನಲ್ಲೇ ಅಂಗರಾಜ್ಯದ ಪಟ್ಟ ಕಟ್ಟಿದವನು ಕೌರವ. ಭೀಷ್ಮನಿಗೂ ದ್ರೋಣನಿಗೂ ಹೊಳೆಯದ ಕೆಲಸ ಅದು. ಅದೇ ಕೌರವ ಸಂಧಾನದ ಹೊತ್ತಿಗೆ ಸ್ವಂತ ಚಿಕ್ಕಪ್ಪನ ಮಕ್ಕಳಿಗೆ ಸೂಜಿಮೊನೆ ಊರುವಷ್ಟು ನೆಲ ಕೊಡಲಾರೆ ಎಂದ. ಹಾಗಂತ ಕರ್ಣನಿಗೆ ಕೊಟ್ಟದ್ದು ಸುಳ್ಳಾಯಿತೇ? ಕರ್ಣನ ಮಟ್ಟಿಗಂತೂ ಆಗಲಿಲ್ಲ. ಕೃಷ್ಣನೇ ಬಂದು ಹುಟ್ಟಿನ ಗುಟ್ಟು ಹೇಳಿ ರಾಜ್ಯದ ಆಸೆ ತೋರಿಸಿದರೂ ಅವನು ಕೌರವನನ್ನು ಬಿಡಲಿಲ್ಲ.

ಇದರಲ್ಲಿ ಗಮನಿಸಬೇಕಾದದ್ದು, ಕರ್ಣ ಮೇಲೆ ಬಂದರೆ ಕೌರವನ ಸ್ಥಾನ ಒಂದಿಷ್ಟೂ ಅಲುಗುವುದಿಲ್ಲ. ಬದಲಿಗೆ ಅರ್ಜುನನಿಗೆ ಎದುರಾಗಿ ನಿಲ್ಲುವ ಒಬ್ಬ ಬಿಲ್ಲುಗಾರ ಸಿಕ್ಕಿದ. ಪಾಂಡವರ ಲೆಕ್ಕ ಹಾಗಲ್ಲ. ಅದೇ ವಂಶ, ಅದೇ ಗುರು, ಅದೇ ಸಿಂಹಾಸನ. ದಾಯಾದಿ ಮತ್ಸರ ಎಂದು ನಾವು ಸುಮ್ಮನೆ ಹೇಳುವುದಲ್ಲ. ಪಾಂಡವರ ರಾಜಸೂಯ ಯಾಗ ನೋಡಿ ಬಂದ ಮಗ ಬಿಳಿಚಿಕೊಂಡು ಸೊರಗಿದ್ದನ್ನು ಕೇಳಿ ಧೃತರಾಷ್ಟ್ರ ಕೇಳುತ್ತಾನೆ: ಉಡಲು ಒಳ್ಳೆಯ ಬಟ್ಟೆ ಇದೆ, ಉಣ್ಣಲು ಮೃಷ್ಟಾನ್ನ ಇದೆ, ಏರಲು ಜಾತಿಕುದುರೆ ಇದೆ, ಮತ್ತೇಕೆ ಹೀಗಾದೆ? ಪಾಪ, ಮುದುಕನಿಗೆ ಅರ್ಥವಾಗಲಿಲ್ಲ. ಕೊರತೆ ಇದ್ದದ್ದು ಮಗನ ಮನೆಯಲ್ಲಿ ಅಲ್ಲವೇ ಅಲ್ಲ.

ಬ್ಯಾಂಕಿನಲ್ಲೂ ಇದನ್ನೇ ಕಂಡೆ. ಜನರಲ್ ಮ್ಯಾನೇಜರ್ ಕಾರಿನಲ್ಲಿ ಬಂದಿಳಿದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಪ್ರಮೋಷನ್ ಲಿಸ್ಟ್ ಬಂದಾಗ ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ತಮ್ಮ ಜೊತೆಗೇ ಸೇರಿದವರ ಹೆಸರು. ಅದು ಸಿಕ್ಕಿತೆಂದರೆ ಆ ದಿನದ ಊಟ ಇಳಿಯುವುದಿಲ್ಲ.

ಇದನ್ನು ಪರೀಕ್ಷೆಗೆ ಒಡ್ಡಿ ನೋಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಟೆಸರ್ ಮತ್ತು ಜೊನಾಥನ್ ಸ್ಮಿತ್ 1980ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಶಬ್ದ ಊಹಿಸುವ ಆಟ. ಎದುರಿನವನಿಗೆ ಸುಲಭದ ಸುಳಿವು ಕೊಡಬೇಕೋ ಕಷ್ಟದ್ದು ಕೊಡಬೇಕೋ ಎಂಬುದು ಸುಳಿವು ಕೊಡುವವನ ಕೈಯಲ್ಲಿ. ಎದುರಿನವರಲ್ಲಿ ಗೆಳೆಯನೂ ಇರುತ್ತಾನೆ, ಅಪರಿಚಿತನೂ ಇರುತ್ತಾನೆ. ಇದು ಬರೀ ಆಟ ಎಂದು ಹೇಳಿದಾಗ ಗೆಳೆಯನಿಗೆ ಸುಲಭದ ಸುಳಿವು ಸಿಕ್ಕಿತು. ಇದರಲ್ಲಿ ನಿಮ್ಮ ಬುದ್ಧಿಯ ಅಳತೆ ಆಗುತ್ತದೆ ಎಂದಾಗ ಗೆಳೆಯನಿಗೇ ಕಷ್ಟದ ಸುಳಿವು, ಗುರುತಿಲ್ಲದವನಿಗೆ ಅದಕ್ಕಿಂತ ಸುಲಭದ್ದು! ಯಾರೋ ಗೆದ್ದರೆ ಗೆಲ್ಲಲಿ, ನಮ್ಮವನು ನಮ್ಮದೇ ವಿದ್ಯೆಯಲ್ಲಿ ನಮ್ಮನ್ನು ದಾಟಿ ಹೋಗುವುದು ಮಾತ್ರ ಬೇಡ.

ಈಗ ನಿಮ್ಮ ವಿಷಯಕ್ಕೆ ಬನ್ನಿ. ನೀವು ಎರಡು ಕೊಟ್ಟಿದ್ದೀರಿ: ಹಣ ಮತ್ತು ನೋಟ್ಸ್. ಪ್ರಶ್ನೆಯಲ್ಲಿ ಫೀಸಿನ ಮಾತೇ ನಾಲ್ಕು ಸಲ ಬಂದಿದೆ, ನೋಟ್ಸಿನದ್ದು ಒಂದೇ ಒಂದು ಸಲ. ನನ್ನ ಲೆಕ್ಕದಲ್ಲಿ ಅದು ತಿರುಗುಮುರುಗಾಗಬೇಕು. ಹಣ ಕೊಟ್ಟದ್ದು ಅಂಗರಾಜ್ಯ ಕೊಟ್ಟ ಹಾಗೆ. ಸಣ್ಣ ಕೆಲಸ ಎನ್ನುತ್ತಿಲ್ಲ, ಆದರೆ ಅವನು ಕಷ್ಟದಲ್ಲಿದ್ದ, ನೀವು ಗಟ್ಟಿಯಾಗಿದ್ದಿರಿ, ಕೊಡುವಾಗ ನೀವು ಒಂದು ಮೆಟ್ಟಿಲು ಮೇಲಿದ್ದಿರಿ. ಅದರಲ್ಲಿ ಒಂದು ಸುಖವೂ ಇರುತ್ತದೆ, ತಪ್ಪೇನಲ್ಲ. ನೋಟ್ಸ್ ಮಾತ್ರ ನೀವು ಗೆಲ್ಲಬೇಕೆಂದಿದ್ದ ಪರೀಕ್ಷೆಯದ್ದೇ. ಟೆಸರ್‌ನ ಪ್ರಯೋಗದಲ್ಲಿ ಹೆಚ್ಚಿನವರು ಕೈ ಹಿಂದೆಗೆದ ಜಾಗದಲ್ಲಿ ನೀವು ಕೈ ಚಾಚಿದ್ದೀರಿ. ಅದಕ್ಕೆ ನಿಮಗೆ ನೀವೇ ಒಂದು ಅಂಕವನ್ನೂ ಕೊಟ್ಟುಕೊಂಡಿಲ್ಲ.

ತಾಳಮದ್ದಳೆಯಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಹಾಡುವ ಪದಕ್ಕೆ ಕೂತಲ್ಲೇ ಆಶುವಾಗಿ ಮಾತು ಕಟ್ಟಬೇಕು. ಸಂಘಕ್ಕೆ ಚಂದಾ ಕೊಡುವ, ಹೊಸಬರನ್ನು ತನ್ನ ಕಾರಿನಲ್ಲೇ ಕರೆದುಕೊಂಡು ಬರುವ, ಊಟ ಹಾಕಿಸುವ ಅರ್ಥಧಾರಿ ಇರುತ್ತಾನೆ. ಕೂಟ ಶುರುವಾದ ಮೇಲೆ ಅವನೇ ಎದುರಿನವನಿಗೆ ಮಾತಿನ ಎಳೆ ಸಿಗದ ಹಾಗೆ ಎಲ್ಲ ತಾನೇ ಹೇಳಿ ಮುಗಿಸುತ್ತಾನೆ, ಅಥವಾ ಪ್ರಸಂಗಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆ ಎಸೆದು ಸಿಕ್ಕಿಸುತ್ತಾನೆ. ಇನ್ನೊಬ್ಬ ಚಹಾಕ್ಕೂ ಕಿಸೆಗೆ ಕೈ ಹಾಕದ ಜಿಪುಣ. ಆದರೆ ಅವನು ಕೃಷ್ಣನಾಗಿ ಕೂತರೆ ಎದುರಿನ ಕೌರವನ ಅರ್ಥ ಕಳೆಗಟ್ಟುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಜಾಗದಲ್ಲಿ ಕೇಳಿ, ಉತ್ತರಕ್ಕೆ ಜಾಗ ಬಿಟ್ಟು ಸುಮ್ಮನಾಗುತ್ತಾನೆ. ಸಭೆ ಕೌರವನಿಗೆ ಚಪ್ಪಾಳೆ ತಟ್ಟಿದರೂ ಅವನ ಮುಖ ಕಂದುವುದಿಲ್ಲ. ನನ್ನನ್ನು ಕೇಳಿದರೆ ಈ ಎರಡನೆಯವನೇ ಉದಾರಿ. ಚಹಾದ ದುಡ್ಡು ನಾನೇ ಕೊಡುತ್ತೇನೆ, ತೊಂದರೆ ಇಲ್ಲ.

ನಿಮಗೆ ಯಾರಾದರೂ "ಎಲ್ಲರೂ ಸಮಾನರು, ಯಾಕೆ ಹೋಲಿಸಿಕೊಳ್ಳುತ್ತೀರಿ" ಎಂದು ಬುದ್ಧಿ ಹೇಳಬಹುದು. ಅದರಿಂದ ಉಪಯೋಗ ಇಲ್ಲ ಮಾರಾಯ್ರೆ. ಸಮಾನರು ಎಂದುಕೊಂಡದ್ದರಿಂದಲೇ ಅಲ್ಲವೇ ಉರಿ ಹತ್ತಿದ್ದು? ನಮ್ಮ ಊರಿನ ಮಧ್ವಾಚಾರ್ಯರು ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದವರು. ಜೀವಜೀವರಲ್ಲಿ ತಾರತಮ್ಯ ಉಂಟು, ಮೋಕ್ಷದ ಆನಂದದಲ್ಲೂ ಉಂಟು ಎಂಬುದು ಅವರ ಮತ. ಹಾಗಾದರೆ ಅಲ್ಲೂ ಮತ್ಸರ ಬರುವುದಿಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಬರುವುದಿಲ್ಲ, ಅಲ್ಲಿ ದೋಷವೇ ಉಳಿದಿರುವುದಿಲ್ಲ, ಪ್ರತಿಯೊಬ್ಬನೂ ತನ್ನ ಯೋಗ್ಯತೆಯಷ್ಟು ಪೂರ್ಣನಾಗಿರುತ್ತಾನೆ ಎಂಬುದು ಉತ್ತರ. ಹಂಡೆಯೂ ಚೊಂಬೂ ತುಂಬಿದ ಮೇಲೆ ಎರಡೂ ತುಂಬಿದವೇ ಎಂದು ಉಪನ್ಯಾಸಗಳಲ್ಲಿ ವಿವರಿಸುತ್ತಾರೆ. ತಾರತಮ್ಯದ ವಾದ ನನಗೆ ಪೂರ್ತಿ ಒಪ್ಪಿಗೆ ಅಂತಲ್ಲ. ಲೋಕದಲ್ಲಿ ಅದನ್ನು ಬೇಡದ್ದಕ್ಕೆಲ್ಲ ಬಳಸಿದವರಿದ್ದಾರೆ. ಆದರೂ ಒಂದು ಅಂಶ ಹಿಡಿಸುತ್ತದೆ: ಮತ್ಸರ ಹೋಗಲಿಕ್ಕೆ ಎದುರಿನವನು ಖಾಲಿಯಾಗಬೇಕಾಗಿಲ್ಲ.

ಹಾಗಾದರೆ ಈಗ ಏನು ಮಾಡುವುದು? ಮೊದಲು ಎದ್ದ ಉರಿಗೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ, ಅದು ನಿಮ್ಮನ್ನು ಕೇಳಿ ಬಂದದ್ದಲ್ಲ. ಆಮೇಲೆ ನಾಲಿಗೆ ಏನು ಹೇಳುತ್ತದೆ ಎಂಬುದನ್ನು ನೋಡಿಕೊಳ್ಳಿ. "ಈ ಸಲ ಪೇಪರ್ ಸುಲಭ ಇತ್ತಂತೆ", "ಅವನಿಗೆ ಲಕ್ ಉಂಟು", ಈ ಮಾತುಗಳು ಬಾಯಿಗೆ ಬಂದರೆ ಅಲ್ಲೇ ನುಂಗಿಬಿಡಿ. ಮತ್ತೆ ನಿಮ್ಮನ್ನೇ ಕೇಳಿಕೊಳ್ಳಿ: ನನಗೂ ಪಾಸಾಗಬೇಕಿತ್ತು ಅನಿಸುತ್ತದೆಯೋ, ಅವನು ಪಾಸಾಗಬಾರದಿತ್ತು ಅನಿಸುತ್ತದೆಯೋ? ನೆದರ್ಲೆಂಡ್ಸಿನ ನೀಲ್ಸ್ ವ್ಯಾನ್ ಡಿ ವೆನ್ ಮತ್ತು ಸಂಗಡಿಗರು ಈ ಎರಡನ್ನೂ ಬೇರೆ ಬೇರೆಯಾಗಿಯೇ ಅಧ್ಯಯನ ಮಾಡಿದ್ದಾರೆ. 2011ರ ಅವರ ಪ್ರಬಂಧದ ಪ್ರಕಾರ ಮೊದಲನೆಯ ಬಗೆಯ ಅಸೂಯೆ ವಿದ್ಯಾರ್ಥಿಗಳನ್ನು ಹೆಚ್ಚು ಓದುವ ಕಡೆಗೆ ತಳ್ಳುತ್ತದೆ. ಬರೀ ಮೆಚ್ಚುಗೆಗೆ ಆ ಬಲ ಇಲ್ಲ. ಆದರೆ ತನ್ನಿಂದಲೂ ಅದು ಸಾಧ್ಯ ಎಂಬ ನಂಬಿಕೆ ಬೇಕು. ಒಂದು ಗ್ರೂಪ್ ಮುಗಿಸಿದವರಿಗೆ ಆ ನಂಬಿಕೆ ಇರಲು ಕಾರಣ ಉಂಟು.

ಆಮೇಲೆ ಅವನಲ್ಲಿಗೆ ಹೋಗಿ, ರಿವಿಷನ್ ಹೇಗೆ ಮಾಡಿದೆ, ಯಾವ ಅಧ್ಯಾಯ ಬಿಟ್ಟೆ, ಉತ್ತರ ಬರೆದು ಅಭ್ಯಾಸ ಮಾಡಿದ್ದು ಎಷ್ಟು ಎಂದು ಕೇಳಿ. ಶುಭಾಶಯ ಹೇಳಿದ್ದಕ್ಕಿಂತ ಇದು ಕಷ್ಟ ಆಗಬಹುದು. ಇಷ್ಟು ದಿನ ಕೊಡುವವರು ನೀವಾಗಿದ್ದಿರಿ, ಈಗ ಕೈಯೊಡ್ಡಬೇಕು. ನಿಮ್ಮ ಉರಿಯಲ್ಲಿ ಅರ್ಧ ಪಾಲು ಪರೀಕ್ಷೆಯದ್ದಲ್ಲ, ಆ ಜಾಗ ಕೈತಪ್ಪಿದ್ದರದ್ದು ಎಂದು ನನ್ನ ಗುಮಾನಿ. ಅವನಿಗೂ ನಿಮ್ಮ ಋಣ ಭಾರವಾಗಿದ್ದಿರಬಹುದು, ನೀವು ಕೇಳಿದರೆ ಅವನಿಗೂ ಹಗುರ.

ಇನ್ನು ಫೀಸಿನ ಹಣ. ಅದು ಸಾಲವೋ ಕೊಡುಗೆಯೋ ನೀವು ಬರೆದಿಲ್ಲ. ಸಾಲವಾದರೆ ಅವನಿಗೆ ಕೆಲಸ ಸಿಕ್ಕಿ ಸಂಬಳ ಶುರುವಾದ ಮೇಲೆ ನೇರವಾಗಿ ಕೇಳಿ, ಕಂತು ಮಾಡಿ ತೆಗೆದುಕೊಳ್ಳಿ. ಅದನ್ನು ಕೇಳುವುದು ಹೊಟ್ಟೆಕಿಚ್ಚಲ್ಲ. ಕೊಡುಗೆಯಾದರೆ ಅವನ ಮನೆಯವರ ಎದುರು, ಇಬ್ಬರ ಗೆಳೆಯರ ಎದುರು ಆ ವಿಷಯ ಎತ್ತಬೇಡಿ, ತಮಾಷೆಗೂ ಬೇಡ.