ಲಾ ಓದುವ ಮೊದಲು ಯಾವ ಡಿಗ್ರಿ?

ಪ್ರಶ್ನೆ: ಪಿಯುಸಿ ಕಾಮರ್ಸ್ ಮುಗಿಸಿದ್ದೇನೆ. ಲಾಯರ್ ಆಗುವ ಆಸೆ. ಅಪ್ಪ ಬಿಕಾಂ ಮಾಡು ಅನ್ನುತ್ತಾರೆ, ನನಗೆ ಇತಿಹಾಸ ಇಷ್ಟ. ಬಿಎ ಮಾಡಿದರೆ ಲಾ ಸೀಟಿಗೆ ತೊಂದರೆ ಆಗುತ್ತದಾ ಮೇಡಂ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಇಲ್ಲಮ್ಮ. ಮೂರು ವರ್ಷದ ಎಲ್‌ಎಲ್‌ಬಿಗೆ ಮಾನ್ಯತೆ ಇರುವ ಯಾವ ವಿಶ್ವವಿದ್ಯಾಲಯದ ಡಿಗ್ರಿಯಾದರೂ ನಡೆಯುತ್ತದೆ. ಬಾರ್ ಕೌನ್ಸಿಲ್ ನೋಡುವುದು ಅಂಕ: ಸಾಮಾನ್ಯ ವರ್ಗಕ್ಕೆ ಶೇ. 45, ಒಬಿಸಿಗೆ 42, ಎಸ್‌ಸಿ, ಎಸ್‌ಟಿಗೆ 40. ಇಷ್ಟವಿಲ್ಲದ ಬಿಕಾಂಗೆ ಸೇರಿ ಬ್ಯಾಕ್‌ಲಾಗ್ ಹೊತ್ತು ತಿರುಗುವುದು ಯಾಕೆ ಸುಮ್ನೆ? ಹಾಗಂತ ಅಪ್ಪನ ಮಾತು ತೆಗೆದುಹಾಕುವಂಥದ್ದಲ್ಲ, ಜಿಎಸ್‌ಟಿ, ಕಂಪನಿ ಕೇಸು ನಡೆಸುವವರಿಗೆ ಲೆಕ್ಕಪತ್ರ ಗೊತ್ತಿದ್ದರೆ ಅನುಕೂಲ ಜಾಸ್ತಿ. ಆದರೆ ನಮ್ಮ ಮಂಡ್ಯ, ಮೈಸೂರು ಕಡೆ ಜಮೀನು, ಪಾಲುಪಾರೀಕತ್ತಿನ ಕೇಸು ಹಿಡಿದರೆ ಹಳೇ ಪಹಣಿ, ಕ್ರಯಪತ್ರ ಎಲ್ಲ ಕೂತು ಓದಿ, ಯಾವುದು ಯಾವಾಗ ಆಯಿತು ಅಂತ ಜೋಡಿಸಬೇಕು. ಇತಿಹಾಸ ಓದಿದವರಿಗೆ ಇದು ಒಗ್ಗಿದ ಕೆಲಸವೇ ಅಲ್ವಾ? ಜೊತೆಗೆ ರಾಜ್ಯಶಾಸ್ತ್ರ ತೆಗೆದುಕೋ. ಇಂಗ್ಲಿಷ್ ಮಾತ್ರ ಬಿಡಬೇಡ, ಹೈಕೋರ್ಟ್ ತೀರ್ಪುಗಳು ಬಹುತೇಕ ಅದರಲ್ಲೇ ಇರುತ್ತವೆ.

ಅಂದಹಾಗೆ, ಪಿಯುಸಿ ಆದಮೇಲೆ ನೇರವಾಗಿ ಐದು ವರ್ಷದ ಬಿಎ ಎಲ್‌ಎಲ್‌ಬಿಗೂ ಸೇರಬಹುದು. ಒಂದು ವರ್ಷ ಉಳಿಯುತ್ತದೆ. ಲಾಯರ್ ಆಗುವುದೇ ಅಂತ ಗಟ್ಟಿ ಮನಸ್ಸಿದ್ದರೆ ಡಿಗ್ರಿ ಅರ್ಜಿ ಹಾಕುವ ಮೊದಲೇ ಅಪ್ಪನ ಹತ್ತಿರ ಈ ವಿಷಯ ಮಾತಾಡು.