ಅಳಿಸಿದ್ದೂ ಕಾಣಿಸಿದರೆ?

ಶಿವಮೊಗ್ಗದ ಓದುಗರೇ,

ಹೋದ ಸಂಚಿಕೆಯ ‘ರಿಯಲ್-ಟೈಮ್ ಟೆಕ್ಸ್ಟ್’ (ಆರ್‌ಟಿಟಿ) ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. ಕಳಿಸುವ ಮೊದಲೇ ಒಂದೊಂದು ಅಕ್ಷರವೂ ಎದುರಿನವರಿಗೆ ಕಾಣುತ್ತದೆ ಅಂದರೆ ಅದು ಕಿಟಕಿಯಲ್ಲಿ ಇಣುಕಿದ ಹಾಗೆ, ಇಂಥದ್ದು ಇರಲೇಬಾರದು ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ.

ಒಪ್ಪದ ಅರ್ಧ ಮೊದಲು. ಕಿವಿ ಕೇಳದ ಎಷ್ಟೋ ಜನರಿಗೆ ಫೋನ್ ಮಾತು ಅಂದರೆ ಇದೇ. 1964ರಲ್ಲಿ ಅಮೆರಿಕದ ರಾಬರ್ಟ್ ವೈಟ್‌ಬ್ರೆಕ್ಟ್, ಅವರಿಗೂ ಕಿವಿ ಕೇಳುತ್ತಿರಲಿಲ್ಲ, ಟೆಲಿಪ್ರಿಂಟರನ್ನು ಫೋನಿಗೆ ಜೋಡಿಸುವ ದಾರಿ ಕಂಡುಕೊಂಡರು. ಅದೇ ಮುಂದೆ ಟಿಟಿವೈ ಆಯಿತು. ಅದರಲ್ಲೂ ಅಕ್ಷರ ಒಂದೊಂದಾಗಿಯೇ ಹೋಗುತ್ತಿತ್ತು. ಆದರೆ ಒಬ್ಬರು ಒತ್ತುವಾಗ ಇನ್ನೊಬ್ಬರು ಸುಮ್ನೆ ಕಾಯಬೇಕು, ಮುಗಿದ ಮೇಲೆ ‘ಜಿಎ’, ಅಂದರೆ ಇನ್ನು ನೀವು ಹೇಳಿ, ಅಂತ ಒತ್ತಬೇಕು. ಈಗ ಆರ್‌ಟಿಟಿಯಲ್ಲಿ ಆ ಸರದಿ ಬೇಕಿಲ್ಲ. ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2016ರಲ್ಲಿ ಮೊಬೈಲ್ ಕಂಪನಿಗಳಿಗೆ ಟಿಟಿವೈ ಬದಲು ಇದನ್ನೇ ಕೊಡಲು ಒಪ್ಪಿಗೆ ಕೊಟ್ಟಿತು. ಮನೆಗೆ ಬೆಂಕಿ ಬಿದ್ದಾಗ ‘ಅಡುಗೆಮನೆಲಿ ಬೆಂ’ ಅನ್ನುವಷ್ಟಕ್ಕೇ ಕೈ ನಿಂತರೂ ಆ ಕಡೆ ವಿಷಯ ಮುಟ್ಟಿರುತ್ತದೆ, ಅಲ್ವಾ?

ಇನ್ನು ನಿಮ್ಮ ಅರ್ಧ. ಚಾಟ್ ಬೇರೆ. ‘ಲೇಖನ ಸಪ್ಪೆ’ ಅಂತ ಬರೆದು, ಅಳಿಸಿ, ‘ಇನ್ನೊಂದು ಸಲ ತಿದ್ದಿ ಕೊಡ್ತೀರಾ’ ಅಂತ ಕಳಿಸುವವನು ನಾನು. ಪಾಸ್‌ವರ್ಡ್ ತಪ್ಪು ಜಾಗದಲ್ಲಿ ಪೇಸ್ಟ್ ಆದರಂತೂ ಮುಗೀತು: ಚಾಟ್ ಆ್ಯಪ್‌ಗಳು ಬಳಸುವ ಎಕ್ಸ್‌ಎಂಪಿಪಿ ಎಂಬ ಮುಕ್ತ ಪದ್ಧತಿಯ ನಿಯಮದಲ್ಲಿ, ಬರೆದದ್ದನ್ನು ಆ ಕಡೆಗೆ ಕಳಿಸುತ್ತಾ ಇರಲು ಸೂಚಿಸಿರುವ ಅಂತರವೇ 0.7 ಸೆಕೆಂಡು, ಅಳಿಸುವಷ್ಟರಲ್ಲಿ ಅದು ಹೋಗಿಯೇ ಬಿಟ್ಟಿರುತ್ತದೆ. ಕನ್ನಡದಲ್ಲಿ ಇನ್ನೂ ತಮಾಷೆ. ‘ಸ್ತ್ರೀ’ಗೆ ಯೂನಿಕೋಡ್‌ನಲ್ಲಿ ಆರು ಸಂಕೇತ ಬೇಕು, ಹಾಗಾಗಿ ನಿಧಾನಕ್ಕೆ ಒತ್ತಿದರೆ ಎದುರಿನವರು ಸ, ಸ್, ಸ್ತ ಅಂತ ಅದು ಕಟ್ಟಿಕೊಳ್ಳುವುದನ್ನೇ ನೋಡುತ್ತಾ ಕೂರಬೇಕು.

ಹಾಗಾದರೆ ಮೊದಲಿಂದ ಆನ್ ಇರಬೇಕೋ ಆಫೋ? ಆರ್‌ಟಿಟಿ ಕರೆಯಲ್ಲಿ ಆನ್. ಚಾಟ್‌ನಲ್ಲಿ ಆಫ್, ಆದರೆ ಬಚ್ಚಿಟ್ಟ ಆಫ್ ಅಲ್ಲ. ಆಕ್ಸೆಸಿಬಿಲಿಟಿ ಮೆನುವಿನ ಮೂಲೆಯಲ್ಲಿ ಹೂತಿಟ್ಟರೆ, ಬೇಕಾದವರು ಎದುರಿನವರಿಗೆ ದಾರಿ ಹೇಳಿಕೊಡುವುದರಲ್ಲೇ ಸುಸ್ತಾಗುತ್ತಾರೆ. ಚಾಟ್ ಒಳಗೇ ಒಂದು ಗುಂಡಿ ಇರಲಿ. ಅವರು ಒತ್ತಿದರೆ ನಿಮಗೆ ‘ನೀವು ಬರೀತಾ ಇರೋದನ್ನ ಅವರಿಗೆ ತೋರಿಸಲಾ?’ ಅಂತ ಕೇಳಲಿ. ನೀವು ಹೂಂ ಅಂದರೆ ಆ ಒಬ್ಬರಿಗೆ ಮಾತ್ರ ನೆನಪಿಟ್ಟುಕೊಳ್ಳಲಿ. ಅಕ್ಕನ ಜೊತೆ ಆನ್ ಮಾಡಿದ್ದು ಆಫೀಸ್ ಗ್ರೂಪಿಗೂ ಅಂಟಿಕೊಳ್ಳಬಾರದು.

ಅಳಿಸಿದ್ದನ್ನು ಆ ಕಡೆಯವರು ಉಳಿಸಿಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ಉಳಿಸಿಕೊಳ್ಳಬಹುದು, ತಡೆಯಲು ದಾರಿಯಿಲ್ಲ. ಅದಕ್ಕೇ ಆನ್ ಇರುವಷ್ಟು ಹೊತ್ತೂ ಟೈಪ್ ಮಾಡುವ ಪೆಟ್ಟಿಗೆಯ ಬಣ್ಣವೇ ಬೇರೆ ಇರಲಿ ಅನ್ನುವುದು ನನ್ನ ಹಟ.

— ಸಂ.